ಬೇಚಿರಾಕ್

ಟ್ಯಾಬಿನ ಪಟ್ಟಿಯಲ್ಲಿ ಹೊಸಹಳ್ಳಿ ಏಳಿವೆ,
ಒಂದೊಂದಕ್ಕೂ ಬೇರೆ ಆರಂಕಿ.
ತುಂಬೇಪಾಳ್ಯ ಒಂದೇ. ಅದರ ಮುಂದೆ
ಮನೆ: ಸೊನ್ನೆ. ಜನ: ಸೊನ್ನೆ.
ಷರಾ ಕಾಲಮಿನಲ್ಲಿ ಒಂದೇ ಪದ: ಬೇಚಿರಾಕ್.

ಶಿರಸ್ತೇದಾರ್ ಅಶ್ವತ್ಥಯ್ಯ ಕನ್ನಡಕ ಒರೆಸುತ್ತ ಹೇಳಿದರು:
'ಚಿರಾಗ್ ಅಂದ್ರೆ ದೀಪ ಮೇಡಂ. ದೀಪ ಹಚ್ಚೋರಿಲ್ಲದ ಊರು.
ಗಡಿ ಇರುತ್ತೆ, ಸರ್ವೆ ನಂಬರಿರುತ್ತೆ, ಊರಿರಲ್ಲ.
ಹೋಗಿ, ಸೊನ್ನೆ ಅಂತ ಖಾತ್ರಿ ಮಾಡ್ಕೊಂಡು ಬನ್ನಿ.'

ಹೋದೆ. ಎರಡು ಬಸ್ಸು, ಒಂದು ಆಟೊ.
ನಜರಿ ನಕ್ಷೆಯ ಬಾಣವನ್ನು ಬಡಗಲಿಗೆ ತಿರುಗಿಸಿ ನಿಂತರೆ
ಹದಿನಾಲ್ಕು ಮಹಡಿ, ಹಗಲಲ್ಲೂ ಉರಿವ ದೀಪ.
ಅವರ ಎಣಿಕೆ ಬೇರೆ ಬ್ಲಾಕಿಗೆ, ಬೇರೆಯವರ ಪಾಲಿಗೆ;
ಗೇಟಿನ ಹುಡುಗ ತಡವರಿಸಿ ಹೇಳಿದ ಹೆಸರಿನಲ್ಲಿ
ಇಟಲಿಯ ಯಾವುದೋ ಊರಿತ್ತು.
ಕಾಂಪೌಂಡು ಬಾಗಿದ ಕಡೆ, ಅಳತೆಗೆ ಸಿಗದೆ ಉಳಿದ
ಮೂರು ಗುಂಟೆ ಕರಾಬಿನಲ್ಲಿ
ಒಂದು ಶೀಟಿನ ಮನೆ. ಹೊಸ್ತಿಲಲ್ಲಿ ಪಿಳ್ಳಮ್ಮ,
ಮೊರದ ತುಂಬ ಅವರೆಕಾಯಿ.

ಹುಟ್ಟಿದ ಊರು? 'ಇದೇ.'
ಈ ಮೊದಲು ವಾಸವಿದ್ದ ಊರು? 'ಇದೇ.'
ಸದ್ಯ?
ಕಾಯಿ ಸುಲಿಯುವ ಕೈ ನಿಂತಿತು.
'ಇದಕ್ಕೀಗ ಏನಂತಾರೋ, ನೀವೇ ಹೇಳ್ಬೇಕು.'

ವಲಸೆಗೆ ಕಾರಣ: ಕೆಲಸ, ಮದುವೆ, ಓದು, ಇತರೆ.
'ನಾನೆಲ್ಲಿಗ್ ಹೋದೆ? ನಿಂತಲ್ಲೇ ಅವ್ನಿ.
ಊರೇ ನನ್ ಬಿಟ್ ಹೋಗಿದ್ದು. ಅದನ್ನ ಕೇಳಿ.'

ಅರವತ್ತೊಂದರ ಪುಸ್ತಕದ ಜೆರಾಕ್ಸ್ ಚೀಲದಲ್ಲಿತ್ತು, ಓದಿದೆ:
ತುಂಬೇಪಾಳ್ಯ, ಮನೆ ಹನ್ನೊಂದು, ಜನ ಅರವತ್ಮೂರು.
ಆಕೆ ಅವರೆ ಸಿಪ್ಪೆಗಳನ್ನು ಸಾಲಾಗಿ ಜೋಡಿಸಿದಳು.
ಅಪ್ಪಯ್ಯಣ್ಣಂದು, ಅದರ ಬೆನ್ನಿಗೆ ಬೆಸ್ತರವು ಎರಡು,
ಗಾಣದ ನಂಜಪ್ಪಂದು, ಬಾವಿಯಾಚೆ ಕೆಂಚಮ್ಮಂದು,
ಕುಂಟ ದಾಸಯ್ಯ ಮನೇನಾ ಕೊಟ್ಟಿಗೇನಾ ಅಂತ
ಜಗಳ ಆಡಿದ್ದು, ಅದೂ ಒಂದು...
ಹನ್ನೊಂದಾಯಿತು. ಸರಿಯಿದೆ ಎಂದೆ.
ಆಕೆ ಇನ್ನೊಂದು ಸಿಪ್ಪೆ ತೆಗೆದು
ಸಾಲು ಬಿಟ್ಟು, ಹೊಸ್ತಿಲಾಚೆ ಇಟ್ಟಳು.

'ಛತ್ರಿ ಮೇಷ್ಟ್ರು ಆ ಹೊಂಗೆ ಮರದ ತಾವ್ಲೇ ನಿಂತ್ಕೊಂಡ್ರು,
ನಮ್ಮ ಕಡೀಕೆ ಬರ್ಲಿಲ್ಲ.
ನಮ್ಮಪ್ಪ ಇಲ್ಲಿಂದ್ಲೇ ಕೂಗಿ ಹೇಳ್ತು, ಎಂಟು ಜನ ಬುದ್ಧೀ ಅಂತ.
ಗಾಳಿ ಆ ಕಡೀಕೆ ಬೀಸ್ತಿರ್ಲಿಲ್ವೇನೋ.'

ಮರ ಎಲ್ಲಿತ್ತೆಂದು ಕೇಳಿದೆ. ಕೈ ತೋರಿದಳು:
ಈಜುಕೊಳದ ನೀಲಿ ಹಂಚು.

ಬಾಗಿಲ ಮೇಲೆ ಒಂದು ಎಂದು ಬರೆಯಲು ಚಾಕ್‌ಪೀಸು ಎತ್ತಿದೆ.
'ಹನ್ನೆರಡು ಅಂತ ಬರ್ಕೊಳ್ಳಿ,' ಅಂದಳು.
ಟ್ಯಾಬು ಒಪ್ಪಲಿಲ್ಲ, ಹಿಂದಿನ ಹನ್ನೊಂದೆಲ್ಲಿ ಎಂದು
ಕೆಂಪಗೆ ಕೇಳುತ್ತಲೇ ಇತ್ತು.
ಬಾಗಿಲ ಮೇಲೆ ಬರೆದೆ.

ಬೇಡವೆಂದರೂ ಎರಡು ಬೊಗಸೆ ಕಾಯಿ
ಪೇಪರಿನಲ್ಲಿ ಸುತ್ತಿ ಕೊಟ್ಟಳು.
ಬಸ್ಸಿನಲ್ಲಿ ಪಕ್ಕದ ಸೀಟಿನವಳು ಮೂಗರಳಿಸಿ ಕೇಳಿದಳು:
'ಏನ್ ಸೊಗಡ್ರೀ! ಯಾವೂರ್ದು?'