ಇನ್ನೂರ ಹದಿನಾಲ್ಕನೇ ಸಾಲು

ಕೋಲಾರ, ಡೂಂಲೈಟ್ ಸರ್ಕಲ್ಲಿಂದ ಎರಡನೇ ಸಂದು,
ಗೊಬ್ಬರದಂಗಡಿಯ ಮೇಲಿನ ಕೋಣೆ.
ನಾಲ್ಕು ಜನ, ಮೂರು ಕುರ್ಚಿ,
ಯೂರಿಯಾ ವಾಸನೆ ಹತ್ತಿದ ಕೀಬೋರ್ಡು.
ಟೊಮೇಟೊ ಮಂಡಿಯ ಚೀಟಿಗೆ ಲೆಕ್ಕ ಕಟ್ಟುವುದು ನಮ್ಮ ಕಸುಬು:
ಬಾಕ್ಸೆಷ್ಟು, ಕೂಗಿದ ದರವೆಷ್ಟು,
ಹಮಾಲಿ ಕಳೆದು ಕೈಗೆಷ್ಟು.

ಫೋಲ್ಡರಿನೊಳಗೆ
ಫೈನಲ್
ಫೈನಲ್ ಎರಡು
ಫೈನಲ್ ಫರ್ಹಾನಾ
ಇದೇ ಫೈನಲ್ ಮುಟ್ಟಬೇಡಿ.

ನಾನು ಮುಟ್ಟಿದ್ದೆ.
ಗುರುವಾರ, ಕರೆಂಟು ಹೋಗುವ ಐದು ನಿಮಿಷ ಮುಂಚೆ,
ಅವಳ ಮೂರು ದಿನದ ಕೆಲಸದ ಮೇಲೆ
ನನ್ನ ಹಳೆಯದನ್ನು ಎಳೆದು ಹೊದಿಸಿದ್ದೆ.
ಇದರ ಮೇಲೇ ಬರೆಯಲೇ, ಅಂತ ಅದು ಕೇಳಿತ್ತು.
ಕೇಳಿದ್ದಂತೂ ನಿಜ.

ಶುಕ್ರವಾರ ಹಮಾಲಿ ಎರಡೆರಡು ಸಲ ಕಳೆಯಿತು.
ನಲವತ್ತೊಂದು ಚೀಟಿ ಹಿಡಿದು ಮೆಟ್ಟಿಲು ಹತ್ತಿದ ಮಂಡಿ ಪಿಳ್ಳಪ್ಪ
ಕೂಗಾಡಲಿಲ್ಲ. "ಯಾರ ಕೈದಮ್ಮಾ ಇದು" ಅಂದ, ಅಷ್ಟೆ.
ಫರ್ಹಾನಾ ಬೀಜದ ಕಂಪನಿಯ ಕ್ಯಾಲೆಂಡರ್ ಮಗುಚಿ
ಅದರ ಬೆನ್ನ ಮೇಲೆ ರಾತ್ರಿ ಹನ್ನೊಂದರ ತನಕ ಕೂಡಿದಳು.
ನಾನು ಟೀ ತಂದುಕೊಟ್ಟೆ. ಎರಡು ಸಲ.

ಸೋಮವಾರ ಮಾತು: ಇನ್ನು ಮೇಲೆ ಯಾವುದರಲ್ಲಿ ಇಡೋಣ?
ಚೌಡರೆಡ್ಡಿ ಕೊರಳ ಪೆನ್‌ಡ್ರೈವ್ ಎತ್ತಿ "ಇದು ಸಾಲ್ದಾ" ಅಂದ,
ದೃಷ್ಟಿದಾರದಲ್ಲಿ ಕಟ್ಟಿದ್ದು; ಇದ್ದುದರಲ್ಲಿ ದಾರವೇ ಗಟ್ಟಿ.
ಮುನಿಕೃಷ್ಣನಿಗೆ ಹಳೇ ಕಂಪನಿಯ ಸಬ್‌ವರ್ಷನ್ ಮೇಲೆ ಮೋಹ:
ಯಜಮಾನ ಕಂಪ್ಯೂಟರು ಒಂದೇ, ಉಳಿದವರು ಹೋಗಿ ಕೇಳಿ ತರಬೇಕು.
ನಮ್ಮ ಯಜಮಾನನ ಯುಪಿಎಸ್ಸೋ
ಇಪ್ಪತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ.

"ಗಿಟ್" ಅಂದಳು ಫರ್ಹಾನಾ.
"ಪ್ರತಿಯೊಬ್ಬರ ಹತ್ತಿರಾನೂ ಪೂರ್ತಿ ಇರುತ್ತೆ, ಮೊದಲಿಂದ.
ಯಾವ ಸಾಲು ಯಾರದು, ಯಾವತ್ತಿನದು,
ಬ್ಲೇಮ್ ಅಂತ ಬಡಿದರೆ ಹೇಳುತ್ತೆ."

ನಾನು ವಿರುದ್ಧ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ.
ನಾಲ್ಕು ಜನಕ್ಕೆ ಇಷ್ಟೆಲ್ಲ ಯಾಕೆ, ಕಲಿಯೋದಕ್ಕೇ ಒಂದು ತಿಂಗಳು,
ಕವಲು ಒಡೆದದ್ದನ್ನು ಬೆಸೆಯುವಾಗ ಜಗಳ ಬೇರೆ,
ನಮ್ಮ ನಮ್ಮಲ್ಲಿ ನಂಬಿಕೆ ಇದ್ದರೆ ಸಾಕಲ್ಲ.
ನಂಬಿಕೆ ಅನ್ನುವ ಹೊತ್ತಿಗೆ ಕೆಳಗೆ ಯಾರೋ ಮೂಟೆ ಇಳಿಸಿದರು,
ಕೋಣೆ ಒಂದು ಸಲ ಅದುರಿತು.

ಮೂರಕ್ಕೆ ಒಂದು. ಗಿಟ್ಟೇ ಆಯಿತು.

ಸಂಜೆ ಅವಳೇ ಕೂತು
ಇದ್ದಬದ್ದದ್ದನ್ನೆಲ್ಲ ಒಂದೇ ಏಟಿಗೆ ಒಳಗೆ ಹಾಕಿದಳು.
ಎಲ್ಲರೂ ಹೋದ ಮೇಲೆ ನಾನು ಬ್ಲೇಮ್ ಬಡಿದೆ.
ಅದು ಹುಟ್ಟಿದ್ದು ಇವತ್ತು. ಗುರುವಾರ ಅದಕ್ಕೆ ಗೊತ್ತಿಲ್ಲ.
ಸಾಲು ಸಾಲಿನ ಮುಂದೂ
ಫರ್ಹಾನಾ, ಫರ್ಹಾನಾ, ಫರ್ಹಾನಾ.
ಅವಳು ತಪ್ಪು ಹಿಡಿದು ಅಡ್ಡಗೆರೆ ಹಾಕಿ ಮಲಗಿಸಿದ್ದ
ನನ್ನ ಇನ್ನೂರ ಹದಿನಾಲ್ಕರ ಮುಂದೆಯೂ.

ಬಚಾವಾದೆ.

ಎಷ್ಟು ಹೊತ್ತೋ, ಕೆಳಗೆ ಷಟರ್ ಎಳೆದ ಸದ್ದು.
ಸಾಲನ್ನು ತೆಗೆದೆ. ಯಾಕೆ ತೆಗೆದೆ ಅಂತ ಕೇಳಿತು;
ಅದು ಕೇಳದೆ ಬಿಡುವುದಿಲ್ಲ.
ಬಳಕೆಯಲ್ಲಿಲ್ಲ, ಎಂದು ಬರೆದೆ. ಅಳಿಸಿದೆ.
ಗುರುವಾರ ಇವಳ ಮೇಲೆ ಬರೆದವನು ನಾನು, ಎಂದು ಬರೆದು
ಒತ್ತಿದೆ. ನನ್ನ ಯಂತ್ರದಲ್ಲಿ ಕೂತಿತು.
ಅವರಿಗೆ ಕಳಿಸಲು ಹೋದರೆ ನೆಟ್ ಇಲ್ಲ.

ಮನೆಗೆ ಹೋಗಬಹುದಿತ್ತು.
ಮೂರನೇ ಕುರ್ಚಿಯನ್ನು ಕಿಟಕಿಗೆಳೆದುಕೊಂಡು
ಬರುವ ತನಕ ಕೂತೆ.