ಹಿಂಬಾಗಿಲ ಲೆಕ್ಕ

"ನಾನೇನೂ ಮಾಡಲಿಲ್ಲ, ಆದರೂ ಮುಗಿದುಹೋಯಿತು."
ಲಿಕೋಮಾ ದ್ವೀಪದ ನನ್ನ ಅಂಗಡಿಗೆ ಬರುವವರೆಲ್ಲ
ಮೊದಲು ಆಡುವ ಮಾತು ಇದೇ.
ಯಾರೂ ಏನೂ ಮಾಡಿರುವುದಿಲ್ಲ.
ಮಲಗುವಾಗ ಐವತ್ತು ಎಂಬಿ ಇತ್ತಂತೆ,
ಎದ್ದಾಗ ಸೊನ್ನೆ.

ಬಾವೊಬಾಬ್ ಮರದ ಹೊಟ್ಟೆಗೆ ಒರಗಿದ ಹಲಗೆ ಅಂಗಡಿ.
ಗೀರುವ ಕರೆನ್ಸಿ ಚೀಟಿ, ಸೋಲಾರ್ ಫಲಕದ ಚಾರ್ಜು,
ಒಡೆದ ಗಾಜಿಗೆ ಅಂಟುಪಟ್ಟಿ,
ಜೊತೆಗೆ ಈ ಒಂದು ವೈದ್ಯ.
ಇನ್ನೂರು ಕ್ವಾಚಾ.
ಇಲ್ಲವೆಂದರೆ ಒಂದು ಬೊಗಸೆ ಒಣ ಉಸಿಪಾ ಮೀನು.

ಫೋನು ಬಿಚ್ಚಿ ತೋರಿಸುತ್ತೇನೆ:
ನೋಡಿ, ಇದು ನೀವು ಮುಟ್ಟದ ಆಟ,
ರಾತ್ರಿ ಎರಡಕ್ಕೆ ಎದ್ದು ಹೊಸ ಬಟ್ಟೆ ತೊಟ್ಟಿದೆ.
ಇದು ನಿಮ್ಮ ಮಗಳ ಮದುವೆಯ ಪಟಗಳನ್ನು
ಒಂದೊಂದಾಗಿ ಹೊತ್ತು
ಯಾವ ದೇಶದ್ದೋ ಉಗ್ರಾಣಕ್ಕೆ ಸಾಗಿಸುತ್ತಿದೆ.
ಇದು ಒತ್ತುವ ಮೊದಲೇ ಇಳಿದ ವಿಡಿಯೊ,
ಕರೆಯದೆ ಬಂದು ತಾನೇ ಬಡಿಸಿಕೊಂಡ ನೆಂಟ.
ಕೂತು ತಿಂದರೆ ಕುಡಿಕೆ ಹೊನ್ನು ಸಾಲದು;
ಇವು ಮಲಗಿಯೇ ತಿನ್ನುತ್ತವೆ,
ನೀವು ಮಲಗಿದಾಗ.

ಆಮೇಲೆ ಒಂದೊಂದೇ ಗುಂಡಿ
ಎಡಕ್ಕೆ ಸರಿಸುತ್ತೇನೆ.
ನೀಲಿ ಹೋಗಿ ಬೂದಿ.
ಟಕ್, ಟಕ್, ಅಗಳಿ ಹಾಕಿದ ಸದ್ದು
ನನ್ನ ಕಿವಿಗೆ ಮಾತ್ರ.

ನಾಂಬೇವೆಯ ಫೋನಿಗೂ ಹಾಗೇ ಮಾಡಿದೆ.
ಕಳೆದ ಮೇ ತಿಂಗಳು.
ಮೀನು ಹೊಗೆಗಿಡುವ ಹೆಂಗಸು,
ಬೆರಳ ತುದಿ ಕಪ್ಪು; ಗಾಜು ಅವಳ ಬೆರಳನ್ನು
ಮೂರು ಸಲ ಒತ್ತಿದ ಮೇಲೆ ಗುರುತಿಸುತ್ತದೆ.
ಇಪ್ಪತ್ತೊಂದು ಬಾಗಿಲು ಇದ್ದವು,
ಇಪ್ಪತ್ತೊಂದನ್ನೂ ಮುಚ್ಚಿದೆ.
ವಾರಕ್ಕೆ ಸಾಲದ ಪ್ಯಾಕು ತಿಂಗಳು ದಾಟಿತು.
ಸಂತೆಯಲ್ಲಿ ನನ್ನ ಹೆಸರು ಹೇಳಿದಳು.
ನಾನು ಉಬ್ಬಿದೆ,
ಹಲಗೆಗೆ ಹಸಿರು ಬಣ್ಣ ಬಳಿದೆ.

ಜುಲೈ. ಚಂದ್ರನಿಲ್ಲದ ರಾತ್ರಿ.
ಉಸಿಪಾ ಹಿಡಿಯುವವರಿಗೆ ಕತ್ತಲೇ ಬೇಕು,
ದೀಪಕ್ಕೆ ಮೀನು ಏಳುವುದು ಆಗಲೇ.
ಅವಳ ತಮ್ಮ ಚಿಸೋಮೊ ದೋಣಿ ನೂಕಿದ.
ಮ್ವೇರಾ ಬರುತ್ತದೆಂದು
ಸಂಜೆ ಐದಕ್ಕೇ ಹೊರಟಿತ್ತು ಎಚ್ಚರಿಕೆ,
ಆಕಾಶದಿಂದ ಟವರಿಗೆ, ಟವರಿನಿಂದ ಅವಳ ಮನೆವರೆಗೆ.
ಅಲ್ಲಿ ಬಾಗಿಲು ಹಾಕಿತ್ತು.
ತಟ್ಟಲಿಲ್ಲ. ತಟ್ಟುವುದು ಅದಕ್ಕೆ ತಿಳಿಯದು.
ಹೊಸಿಲಲ್ಲೇ ಕೂತು ಬೆಳಗು ಮಾಡಿತು.

ದಕ್ಷಿಣದ ಗಾಳಿ ಸರೋವರವನ್ನು
ಚಾಪೆಯಂತೆ ಕೊಡವಿದ ಆ ರಾತ್ರಿ
ನಾನು ಚೆನ್ನಾಗಿಯೇ ನಿದ್ದೆ ಮಾಡಿದ್ದೆ.

ಮೂರನೆಯ ದಿನ ಚಿಸೋಮೊ ಬಂದ,
ಆಚೆ ದಡದ ಮೊಜಾಂಬಿಕ್‌ನಿಂದ, ಯಾರದೋ ದೋಣಿಯಲ್ಲಿ,
ಯಾರದೋ ಅಂಗಿ ತೊಟ್ಟು.
ಬಲೆ ಇಲ್ಲ. ದೀಪ ಇಲ್ಲ.
ಎಡ ಹೆಬ್ಬೆರಳಿನ ಉಗುರಿಲ್ಲ.
ಅಷ್ಟೇ ಎಂದು ಎಲ್ಲರೂ ಅಂದರು. ಅಷ್ಟೇ.

ನಾಂಬೇವೆ ಬಂದಳು. ಬೈಯಲಿಲ್ಲ.
ಬೈದಿದ್ದರೆ ಏನಾದರೂ ಹೇಳುತ್ತಿದ್ದೆ,
ನೀನೇ ಕೇಳಿದ್ದು ಅಂತಲೋ,
ಇನ್ನೂರು ಕ್ವಾಚಾಕ್ಕೆ ಇನ್ನೇನು ಅಂತಲೋ.
ಫೋನು ಹಲಗೆಯ ಮೇಲಿಟ್ಟು ಕೇಳಿದಳು:
"ಗಾಳಿ ಎಷ್ಟು ತಿನ್ನುತ್ತದೆ?"

ಹಳೆಯ ಲೆಕ್ಕ ಕೆದಕಿದೆ.
ಏಪ್ರಿಲ್ ತಿಂಗಳಿಡೀ
ಹವಾಮಾನ ತಿಂದದ್ದು ಎರಡೂವರೆ ಎಂಬಿ.
ಆಟ ನಾನೂರು, ಹಾಡುವ ವಿಡಿಯೊ ಆರುನೂರು.
ಅವಳು ಅಂಕಿಯನ್ನು ದಿಟ್ಟಿಸಿದಳು,
ತಕ್ಕಡಿಯ ಮುಳ್ಳು ನೋಡುವ ಹಾಗೆ.
"ಮೀನಿನ ಕಣ್ಣಿನಷ್ಟೂ ಇಲ್ಲ," ಅಂದಳು.
ನಾನು ಆ ಒಂದು ಬಾಗಿಲು ತೆಗೆದೆ.
ಬೂದಿ ಹೋಗಿ ನೀಲಿ.
ದುಡ್ಡು ಬೇಡವೆಂದೆ. ಇಟ್ಟೇ ಹೋದಳು.
ನಾಣ್ಯಕ್ಕೆ ಹೊಗೆಯ ವಾಸನೆ.

ಇವತ್ತು ಬೆಳಿಗ್ಗೆ ಶಾಲೆಯ ಹುಡುಗನೊಬ್ಬ,
ಮೊಣಕಾಲವರೆಗೆ ಒದ್ದೆ,
ಅಪ್ಪನ ಫೋನು ಹಿಡಿದು ನಿಂತ:
"ಏನೂ ಮಾಡಿಲ್ಲ, ಮುಗಿದುಹೋಗಿದೆ.
ಎಲ್ಲಾ ಮುಚ್ಚಿಬಿಡಬೇಕಂತೆ."

ಫೋನು ಕೈಗೆ ತೆಗೆದುಕೊಳ್ಳುವ ಮೊದಲು
ಈಗ ಒಂದು ಪ್ರಶ್ನೆ ಕೇಳುತ್ತೇನೆ:
ನಿಮ್ಮ ಮನೆಯವರು
ನೀರ ಮೇಲೆ ಯಾರಿದ್ದಾರೆ, ಮರಿ?