ಒಳಮಡಿಕೆ

ಗದಗಿನ ಟಾಂಗಾಕೂಟದ ಹಿಂದೆ, ಮೆಟ್ಟಿಲ ಕೆಳಗಿನ ಅಂಗಡಿ.
ಕಟಿಂಗ್ ಟೇಬಲ್ಲಿನ ಮೇಲೆ ನನ್ನ ಹಾಳೆ ಹಾಸಿದೆ:
ಅಡ್ಡಕ್ಕೆ ಇಸವಿಗಳು,
ಉದ್ದಕ್ಕೆ ಮನೆ, ದುಡಿಮೆ, ಮಕ್ಕಳು, ಆರೋಗ್ಯ.
ಸುಖವಿದ್ದಲ್ಲಿ ಗೆರೆ ಮೇಲೆ, ಇಲ್ಲದಲ್ಲಿ ಕೆಳಗೆ.

ದ್ರಾಕ್ಷವ್ವ ಕನ್ನಡಕ ಏರಿಸಿ ನೋಡಿದಳು.
ಪೆನ್ನು ಬೇಡವೆಂದು ತನ್ನ ನೀಲಿ ಚಾಕು ತಗೊಂಡಳು.
"ಮಾರ್ಜಿನ್ ಎಲ್ಲಿ ಬಿಟ್ಟೀರಿ?"

ಬಿಟ್ಟಿರಲಿಲ್ಲ.

ಇಸವಿ ಅವಳಿಗೆ ನೆನಪಿಲ್ಲ, ಅಳತೆ ನೆನಪಿದೆ.
ಮದುವೆಯ ಜಂಪರಿಗೆ ಎದೆ ಮೂವತ್ತು,
ಹಿರಿಮಗಳು ಹೊಟ್ಟೆಯಲ್ಲಿದ್ದಾಗ ಮೂವತ್ನಾಲ್ಕು,
ಗಂಡ ಹಾಸಿಗೆ ಹಿಡಿದ ವರ್ಷ ಇಪ್ಪತ್ತೆಂಟು.
ಒಂದೇ ಜಂಪರು. ಬಿಚ್ಚಿದ್ದು, ಹೊಲಿದದ್ದು, ಮತ್ತೆ ಬಿಚ್ಚಿದ್ದು.
ಇಂಚುಗಳನ್ನು ಇಸವಿಗೆ ತಿರುಗಿಸಿ
ನಾನು ಚುಕ್ಕೆ ಇಡುತ್ತ ಹೋದೆ.

ತೊಂಬತ್ತೊಂದರಿಂದ ತೊಂಬತ್ನಾಲ್ಕು:
ನಾಲ್ಕೂ ಸಾಲು ಖಾಲಿ.
ಕೇಳಿದೆ. ಪ್ರಶ್ನಾವಳಿಯಲ್ಲಿ ಇದ್ದ ಹಾಗೆಯೇ ಕೇಳಿದೆ.
ಹೊರಗೆ ಮುಂಡರಗಿ ಬಸ್ಸು ಹಾರ್ನ್ ಹೊಡೆಯಿತು.
ಅವಳು ತೊಂಬತ್ತರ ಗೆರೆಯನ್ನು ಎತ್ತಿ
ತೊಂಬತ್ತೈದರ ಮೇಲೆ ತಂದು ಕೂಡಿಸಿ
ಉಗುರಿನಿಂದ ತೀಡಿ ಮಡಚಿದಳು,
ಎರಡು ಗುಂಡುಪಿನ್ನು ಚುಚ್ಚಿದಳು.
"ಇದು ಒಳಗ ಹೋಗತೈತ್ರಿ. ಕತ್ತರಸೂದಿಲ್ಲ.
ಮೈ ಬಂದಾಗ ಬಿಚ್ಚಾಕ ಬೇಕಾಗತೈತಿ."

ಧಾರವಾಡದ ರೂಮಿನಲ್ಲಿ ರಾತ್ರಿ ಕಂಪ್ಯೂಟರು ಕೇಳುತ್ತಿದೆ:
ಮಾಹಿತಿ ಇಲ್ಲವೇ? ಅನ್ವಯಿಸುವುದಿಲ್ಲವೇ?
ಎರಡೇ ಗುಂಡಿ.
ಯಾವುದನ್ನೂ ಒತ್ತಿಲ್ಲ ಇನ್ನೂ.

ಹಾಳೆ ಮೇಜಿನ ಮೇಲಿದೆ.
ಮಡಚಿದಲ್ಲಿ ಒಂದಿಷ್ಟು ದಪ್ಪ,
ಕೈಯಾಡಿಸಿದರೆ ತಿಳಿಯುತ್ತದೆ.